ಒಂದೇ ಸೋಪು

ಚಕ್ರಕ್ಕೆ ಸರಪಳಿ ಸುತ್ತಿಕೊಂಡು
ಕೆಮ್ಮುತ್ತ ಹತ್ತಿತು ಬಸ್ಸು.
ರಸ್ತೆಯ ಅಂಚು ಇಲ್ಲಿ ಎಂದು ತೋರಿಸುವ ಕೆಂಪು ಕೋಲುಗಳು
ಮೂಗಿನವರೆಗೆ ಹೂತುಹೋಗಿದ್ದವು ಹಿಮದಲ್ಲಿ.
ಕೊನೆಯ ನಿಲ್ದಾಣದಲ್ಲಿ ಇಳಿದವರು ನಾಲ್ಕೇ ಜನ:
ಮೊತೊಹಿರೊ, ಅವನ ಹೆಂಡತಿ ಸಾಯೊಕೊ,
ಇಳಿದದ್ದೇ ತಡ ಮೊಣಕಾಲುದ್ದ ಮುಳುಗಿ ಕಿಲಕಿಲ ನಕ್ಕ ಮಗಳು ಚಿನಾತ್ಸು,
ಮತ್ತೆ, ಎಂಬತ್ತಾರರ ಅಜ್ಜಿ ತೊಮೆ.

ತೊಮೆ ಅಂದರೆ ನಿಲ್ಲಿಸು.
ಐದನೆಯದೂ ಹೆಣ್ಣಾದಾಗ ಇಟ್ಟ ಹೆಸರು,
ನಮ್ಮ ಕಡೆ ಸಾಕಮ್ಮ ಅನ್ನುವುದಿಲ್ಲವೆ, ಹಾಗೆ.
'ಆಮೇಲೂ ಇಬ್ಬರು ಹುಟ್ಟಿದರು' ಎನ್ನುವಾಗ
ಅವಳಿಗೆ ಈಗಲೂ ನಗು ತಡೆಯದು.

ಅದೇ ಛತ್ರ, ಅದೇ ಕೋಣೆ,
ಕೊಳೆತ ಮೊಟ್ಟೆಯಂಥ ಅದೇ ಗಂಧಕದ ವಾಸನೆ.
ಮಾಲಕಿ ಬಾಗಿ ಬಾಗಿ ನಮಸ್ಕರಿಸಿದಳು,
ಐದು ಜೊತೆ ಚಪ್ಪಲಿ ಜೋಡಿಸಿಟ್ಟಿದ್ದಳು.
ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಅವಳೇ ಒಂದು ಜೊತೆ
ಸೆರಗಿಲ್ಲದ ಉಡುಪಿನಲ್ಲಿ ಎಲ್ಲಿ ಮರೆಸಿದಳೋ, ಒಳಗೆ ಒಯ್ದಳು.

ಬಯಲಲ್ಲಿ ಬಿಸಿನೀರ ಹೊಂಡ.
ನಡುವೆ ಬಿದಿರಿನ ಅಡ್ಡಗೋಡೆ,
ಆಚೆ ಗಂಡಸರು, ಈಚೆ ಹೆಂಗಸರು.
ಅಡ್ಡಗೋಡೆಯ ಮೇಲೆ ಒಂದು ದೀಪ,
ಎರಡೂ ಕಡೆಗೆ ಅರ್ಧರ್ಧ ಬೆಳಕು,
ಪೂರ್ತಿ ಯಾರಿಗೂ ಇಲ್ಲ.

ಗೆಂಪೆ ಬದುಕಿಡೀ ಮೀನಿನ ಮಂಡಿಯಲ್ಲಿ ತಕ್ಕಡಿ ಹಿಡಿದವನು,
ಗುಲಗಂಜಿ ತೂಕ ಹೆಚ್ಚು ಕೊಟ್ಟವನಲ್ಲ.
'ಎರಡು ಮೈಗೆ ಎರಡು ಸೋಪು ಯಾಕೆ?' ಎನ್ನುತ್ತಿದ್ದ.
ತಾನು ತೊಳೆದುಕೊಂಡು ಗೋಡೆಯ ಮೇಲಿಂದ ಎಸೆಯುತ್ತಿದ್ದ,
ಜಾರುವ ಸೋಪನ್ನು ಇವಳು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು.
ಮರಳಿ ಎಸೆದರೆ ಅವನೂ.
ಮೂವತ್ತೊಂದು ಚಳಿಗಾಲ.
ಕೈತಪ್ಪಿದ್ದು ಎರಡೇ ಸಲ, ಎರಡೂ ಅವನದೇ ತಪ್ಪು.
ಕೊನೆಗೆ ಆಚೆಯಿಂದ ಕೂಗು: 'ಏಯ್, ನಾನು ಎದ್ದೆ!'
'ಹೂಂ, ನಾನೂ' ಅನ್ನುವಳು ಇವಳು,
ಅಂದ ಮೇಲೂ ಕಾಲು ಗಂಟೆ ನೆನೆಯುವಳು.

ಈ ರಾತ್ರಿ ಗೋಡೆಯ ಬುಡದಲ್ಲಿ ಕುಳಿತು
ಮೊಮ್ಮಗಳ ಬೆನ್ನು ತಿಕ್ಕಿದಳು, ತನ್ನ ಕತ್ತು, ಕಂಕುಳು,
ಎರಡು ಹೆತ್ತು ಒಂದನ್ನು ಕಳೆದುಕೊಂಡ ಹೊಟ್ಟೆಯ ಸುಕ್ಕು.
ತಿಕ್ಕಿ ಮುಗಿಸಿ
ಏನೋ ಮಾತಾಡುತ್ತಾಡುತ್ತಲೇ
ಎಸೆದುಬಿಟ್ಟಳು.

ಕೈಗೆ ಗೊತ್ತಿರಲಿಲ್ಲ.
ಕೈಗೆ ಯಾರೂ ಹೇಳಿರಲಿಲ್ಲ.

ಹಿಡಿದ ಸದ್ದಿಲ್ಲ. ಬಿದ್ದ ಸದ್ದೂ ಇಲ್ಲ.
ಹಬೆಯೊಳಗೆ ಸಾಯೊಕೊ
ಅತ್ತೆಯ ಮುಖ ನೋಡದೆ ನೀರು ನೋಡಿದಳು.
'ಅಜ್ಜೀ, ಸೋಪು!' ಎಂದಳು ಚಿನಾತ್ಸು.

ಆಚೆ ಒಬ್ಬನೇ ಇದ್ದ ಮೊತೊಹಿರೊ,
ಐವತ್ತಾರು ವರ್ಷದ ಬೊಜ್ಜಿನ ಮನುಷ್ಯ,
ಹುಟ್ಟುಡುಗೆಯಲ್ಲಿ ಎದ್ದು ಹೋಗಿ
ಹಿಮದಲ್ಲಿ ತಡಕಾಡಿದ. ಮೈಯೆಲ್ಲ ಹೊಗೆಯಾಡುತ್ತಿತ್ತು
ಆಗಷ್ಟೇ ಇಳಿಸಿದ ಇಡ್ಲಿಯ ಹಾಗೆ.
ಸೋಪು ಬಿಳಿ, ಹಿಮ ಬಿಳಿ.
'ಕಾಣ್ತಿಲ್ಲಮ್ಮ' ಅಂದ. ಹಲ್ಲು ಕಟಕಟ.
'ಬಿಡೋ, ನೀರಿಗಿಳಿ, ಸತ್ತುಗಿತ್ತೀಯ' ಎಂದಳು.

ಆಮೇಲೆ ತುಂಬ ಹೊತ್ತು
ಬಿದಿರ ಮೇಲಿಂದ ಹಿಮ ಜಾರುವ ಸದ್ದು ಮಾತ್ರ.
ಅಜ್ಜಿ ಏಳಲಿಲ್ಲ. ಮುಖ ಕೆಂಪಾಗಿತ್ತು,
ಸಾಯೊಕೊ ಎರಡು ಸಲ ಕೈ ಚಾಚಿದಳು, ಒಲ್ಲೆ ಅಂದಳು.

ಅಪ್ಪನ ಅಂತ್ಯಕ್ಕೆ ಒಂದು ದಿನ ತಡವಾಗಿ ಬಂದವನು,
ಅಮ್ಮನ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡದವನು,
ಗಂಟಲು ಸರಿಮಾಡಿಕೊಂಡ. ಕೂಗಿದ,
ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ:
'ಏಯ್, ನಾನು ಎದ್ದೆ!'

ಒಂದು ಉಸಿರು. ಇನ್ನೊಂದು.
'ಹೂಂ.'
ಕಾಲು ಗಂಟೆಯಲ್ಲ, ತಕ್ಷಣ ಎದ್ದಳು,
ಮೊಮ್ಮಗಳ ತಲೆಯ ಮೇಲೆ ಕೈಯೂರಿ.

ಬೆಳಗ್ಗೆ ಬಸ್ಸಿಗೆ ಹತ್ತು ನಿಮಿಷ ಇರುವಾಗ
ಚಿನಾತ್ಸು ಓಡಿಬಂದಳು. ಸಿಕ್ಕಿತ್ತು, ಬೇಲಿಯ ಹತ್ತಿರ.
ಒಂದು ಮೂಲೆಯಲ್ಲಿ ನಾಲ್ಕು ಹಲ್ಲಿನ ಗುರುತು,
ಯಾವುದೋ ಪ್ರಾಣಿ ಕಚ್ಚಿ ನೋಡಿ ಉಗಿದು ಹೋಗಿದೆ.
'ನರಿ' ಅಂದ ಮೊತೊಹಿರೊ. 'ನರಿಯಲ್ಲ, ಸಣ್ಣದು' ಎಂದಳು ಸಾಯೊಕೊ.
ತೊಮೆ ಹಲ್ಲಿನ ಗುರುತಿಗೆ ಹೆಬ್ಬೆರಳಿಟ್ಟು ನೋಡಿದಳು,
ಮೀನಿನ ತೂಕ ನೋಡುವವರ ಹಾಗೆ ಅಂಗೈಯಲ್ಲಿ ಎತ್ತಿ ನೋಡಿದಳು,
ಅಂಗಳದ ಬಿಸಿನೀರ ನಲ್ಲಿಗೆ ಹೋಗಿ
ಕಚ್ಚದ ಕಡೆಯಿಂದ
ಕೈ ತೊಳೆದುಕೊಂಡಳು.