ಗಾಳಿ ಮುಟ್ಟದ ಹಾಗೆ

ಬೈಕಂಪಾಡಿಯ ಗ್ಯಾಸಿನವ ಫೋನಿನಲ್ಲಿ ಕಾಯುತ್ತಿದ್ದಾನೆ.
‘ಎಂತ ಕಳಿಸ್ಲಿ ಐತಪ್ಪಣ್ಣ, ಸಿಓಟುವಾ, ಮಿಕ್ಸಾ?
ಲಾರಿ ಹೊರಡ್ತಾ ಉಂಟು.’
ಮಲ್ಪೆಯ ಹೊಳೆಬದಿ, ಟಾರ್ಪಾಲಿನ ಅಡಿಯಲ್ಲಿ
ತಿಂಗಳಾಯರ ಬೋಟು ಮೊಣಕಾಲೂರಿ ನಿಂತಿದೆ.
ಕಡಲಿಗಿಳಿಯಲು ಇನ್ನು ಹನ್ನೊಂದೇ ದಿನ.

ಇಪ್ಪತ್ತೆರಡು ವರ್ಷದಿಂದ ನಾನು ಸಿಓಟುವಿನವನು.
ಅಗ್ಗ. ಸೋಡಾ ಮಾಡುವವನಿಗೂ ಅದೇ, ನನಗೂ ಅದೇ.
ಹತ್ತು ಎಮ್ಮೆಮ್ಮಿನ ಪ್ಲೇಟಿಗೂ ಹಲ್ಲು ಕಚ್ಚಿ ಇಳಿಯುತ್ತದೆ,
ಬುಡದವರೆಗೆ ಕರಗಿಸಿ ಕೂರಿಸುತ್ತದೆ.
ಹಾಗಂತ ಸಾಧುವಲ್ಲ. ಉಗುಳುತ್ತದೆ.
ಮುಂಗೈಯ ಈ ಚುಕ್ಕಿಗಳೆಲ್ಲ ಅದರ ಸಹಿ.
ಎಡೆಬಿಡದೆ ಹೊಡೆದರೆ ರೆಗ್ಯುಲೇಟರಿನ ಕುತ್ತಿಗೆಗೆ ಹಿಮ ಕಟ್ಟುತ್ತದೆ
(ಈ ಬೆವರಿನ ಊರಲ್ಲಿ ಹಿಮ ಮುಟ್ಟಿದವ ನಾನು!)
ಹೀಟರು ಚುಚ್ಚದಿದ್ದರೆ ಗಂಟಲಲ್ಲೇ ನಿಲ್ಲುತ್ತದೆ ಗ್ಯಾಸು.
ಅದರ ಮೀಟರೋ, ಕೊನೆಯವರೆಗೂ ಮುಳ್ಳು ಒಂದೇ ಕಡೆ;
‘ಉಂಟು, ಉಂಟು’ ಎನ್ನುತ್ತಲೇ
ಒಮ್ಮೆಲೇ ಕೈಬಿಡುತ್ತದೆ.

ಮಿಕ್ಸಿನ ಸ್ವಭಾವ ಬೇರೆ.
ಎಂಬತ್ತು ಪಾಲು ಆರ್ಗಾನ್, ಇಪ್ಪತ್ತು ಇದೇ ಉಗುಳುಬುರುಕ.
ಐಟಿಐಯಲ್ಲಿ ಕಲಿತ ಲ್ಯಾನ್ಸನ್ ಹೇಳುತ್ತಾನೆ,
ಸದ್ದು ಕೇಳಿದರೇ ತಿಳಿಯುತ್ತದಂತೆ:
ಸಣ್ಣ ಉರಿಯಲ್ಲಿ ಬಂಗುಡೆ ಕಾಯಿಸಿದ ಹಾಗೆ.
ಮುಳ್ಳು ದಿನಾ ಇಷ್ಟಿಷ್ಟೇ ಇಳಿದು ನಿಜ ಹೇಳುತ್ತದೆ.
ರೇಟು ಮಾತ್ರ ಮೂರು ಪಾಲು.

ಹಾಗಾದರೆ ಬರೀ ಆರ್ಗಾನೇ ಹಾಕುವ ಎಂದು ಒಮ್ಮೆ
ಸ್ಟೀಲಿನ ಮೀನುಪೆಟ್ಟಿಗೆಗೆ ತಂದು ಉಳಿದದ್ದನ್ನು
ಕಬ್ಬಿಣಕ್ಕೆ ಹಿಡಿದಿದ್ದೆ ನಾನು.
ಬೀಡು ಮೇಣದ ಹಾಗೆ ಮೇಲೆಯೇ ಕೂತಿತು,
ಒಳಗೆ ಬನ್ನಿ ಎಂದರೂ ಹೊಸ್ತಿಲಲ್ಲೇ ನಿಂತ ನೆಂಟ.
ಸುತ್ತಿಗೆಯಲ್ಲಿ ಒಂದು ಕೊಟ್ಟೆ. ಎದ್ದು ಬಂತು.
ಯಾರೊಂದಿಗೂ ಬೆರೆಯದವನಿಗೆ
ಒಬ್ಬ ಜಗಳಗಂಟನ ಸಂಗ ಬೇಕೆಂದು ಅವತ್ತು ಗೊತ್ತಾಯಿತು.

ವಯರಿನ ಡಬ್ಬದ ರಟ್ಟಿನ ಮೇಲೆ ಚಾಕಿನಲ್ಲಿ ಲೆಕ್ಕ ಹಾಕಿದೆ.
ಗ್ಯಾಸಿಗೆ ಇಷ್ಟು, ಸಿಲಿಂಡರ್ ಬಾಡಿಗೆ ಇಷ್ಟು, ಲಾರಿಗೆ ಇಷ್ಟು.
ಎಂದಿನ ಹಾಗೆ ಸಿಓಟುವೇ ಗೆದ್ದಿತು.

ಆಗ ಗ್ರೈಂಡರು ನಿಂತಿತು.
ಬೇಬಿಯಕ್ಕ ಕನ್ನಡಕ ಹಣೆಗೇರಿಸಿ ರಟ್ಟು ನೋಡಿದಳು.
‘ಇದರಲ್ಲಿ ನಾನು ಎಲ್ಲಿದ್ದೇನೆ?
ನೀವು ಒಂದು ಗಂಟೆ ಉಗುಳಿಸಿದ್ದನ್ನು
ನಾನು ಎರಡು ಗಂಟೆ ಉಜ್ಜುವುದು.
ಡಿಸ್ಕು ಎಷ್ಟು ಹೋಯ್ತು, ಬರ್ದಿದ್ದೀರಾ?
ರಾತ್ರಿ ಚಾ ಹಿಡಿದ್ರೆ ಲೋಟದಲ್ಲಿ ಅಲೆ ಏಳ್ತದೆ.’
ಸಿಟ್ಟಿರಲಿಲ್ಲ. ಡಿಸ್ಕು ಬದಲಿಸುತ್ತಾ ಕೇಳಿದ್ದು, ಅಷ್ಟೇ.
ರಟ್ಟಿನಲ್ಲಿ ಆ ಸಾಲಿಗೆ ಜಾಗವಿರಲಿಲ್ಲ.
ಮಗುಚಿ ಹಾಕಿದೆ.

‘ಮಿಕ್ಸೇ ಕಳಿಸು ಮಾರಾಯ, ಎರಡು.
ಅಡಿಯ ದಪ್ಪ ಪ್ಲೇಟಿಗೆ ಇಲ್ಲಿರುವ ಅರ್ಧ ಸಿಓಟು ಸಾಕು.’

ಮರುದಿನ ಹೊಸ ಸಿಲಿಂಡರು ಚೈನು ಬಿಗಿಸಿಕೊಂಡು ನಿಂತಿತು.
ಕ್ಯಾಬಿನ್ನಿನ ಮೂರು ಎಮ್ಮೆಮ್ಮಿಗೆ ಮೊದಲ ಬೀಡು,
ಕುಂಚದಲ್ಲಿ ಎಳೆದ ಹಾಗೆ.
ಎರಡನೆಯದಕ್ಕೆ ಪಡುಗಾಳಿ ಎದ್ದಿತು.
ಬೀಡಿನ ತುಂಬ ನೀರುದೋಸೆಯ ಕಣ್ಣು!
ಗಾಳಿಗೆ ರೇಟಿನ ಪರಿವೆ ಇಲ್ಲ.
ಹದಿನೈದು ಲೀಟರನ್ನು ಇಪ್ಪತ್ತೈದಕ್ಕೆ ತಿರುಗಿಸಿದ ಲ್ಯಾನ್ಸನ್‌ನ ಕೈಗೆ ಹೊಡೆದೆ:
ರಭಸ ಹೆಚ್ಚಾದರೆ ಅದೇ ಗಾಳಿಯನ್ನು ಎಳೆದುಕೊಳ್ಳುತ್ತದೆ ಮಗಾ.
ನಾವು ಉಸಿರಾಡುವ ಈ ಗಾಳಿ
ಕರಗಿದ ಕಬ್ಬಿಣಕ್ಕೆ ಆಗುವುದಿಲ್ಲ.
ಗಟ್ಟಿಯಾಗುವ ತನಕ, ಎರಡೋ ಮೂರೋ ಉಸಿರಿನಷ್ಟು ಹೊತ್ತು,
ಅದನ್ನು ಮರೆಮಾಡಬೇಕು.
ಕಸುಬು ಎಂದರೆ ಇಷ್ಟೇ.

ಬೇಬಿಯಕ್ಕ ತನ್ನ ಕೊಡೆ ಬಿಚ್ಚಿ ಪಡುಬದಿಗೆ ಹಿಡಿದಳು,
ಮುಖ ಆಚೆ ತಿರುಗಿಸಿ.
ಬಂಗುಡೆ ಕಾಯತೊಡಗಿತು.
‘ಹಸಿವಾಗ್ತದೆ’ ಎಂದ ಲ್ಯಾನ್ಸನ್.

ಮುಗಿದ ಮೇಲೆ ಅವಳು ಕೊಡೆ ಎತ್ತಿ
ಬೆಳಕಿಗೆ ಅಡ್ಡ ಹಿಡಿದು ಎಣಿಸಿದಳು.
ಎರಡೇ ತೂತು.