ಫ್ಲೆಕ್ಸಿನ ನೆಳ್ಳು

ಮಾಲ್ ಇನ್ನಾ ಬಂದಿಲ್ಲ. ಅದರ ನೆಳ್ಳು ಬಂದು
ಮೂರು ವರ್ಷಾತು.

ಹನ್ನೆರಡರ ತನ ರಿಂಗ್ ರೋಡಿನ ಕಡಿ ಬೀಳ್ತದ,
ಆಮ್ಯಾಲ ತಂತಿ ದಾಟಿ ಹೊಲದ ಕಡಿ.
ನಾನೂ ನನ್ನ ಪಿಕೋ ಮಷಿನ್ನೂ ಅದರ ಬೆನ್ನಿಗೆ.
ನಡುಹೊತ್ತಿನ್ಯಾಗ ಅರ್ಧ ತಾಸು
ನೆಳ್ಳು ಕಬ್ಬಿಣದ ಕಂಬದ ಬುಡಕ್ಕ ಮುದುಡಿದಾಗ
ರೊಟ್ಟಿ ಬಿಚ್ಚೋದು, ಶೇಂಗಾ ಹಿಂಡಿ ಕೂಡ.

ವಾಚ್‌ಮನ್ ಲಾಡ್ಲೇಸಾಬ ಕಾಯೋದು ಏನಂತ ಕೇಳಬ್ಯಾಡ್ರಿ.
ನಾಕು ಎಕರೆ ಎರಿ ಮಣ್ಣು, ಒಂದು ಚಿತ್ರ.
ಮಳಿ ಬಿದ್ದ ಮ್ಯಾಲ ತಾನೇ ಏಳೋ ತೊಗರಿ ಗಿಡ
ಕಿತ್ತು ಒಗೀಬೇಕಂತ ಆರ್ಡರ್ ಅದ ಅವಂಗ.
ಕೀಳ್ತಾನ. ಕಾಯಿ ಬಿಡಿಸಿಕೊಂಡ ಮ್ಯಾಲ.

ಚಿತ್ರದಾಗ
ಗಾಜಿನ ಗ್ವಾಡಿ, ನೀರಿನ ಕಾರಂಜಿ,
ನಮ್ಮ ಕಡಿ ಯಾರೂ ನೋಡದ ಗಿಡ,
ಬಿಳಿ ಪ್ಯಾಂಟಿನ ಹೆಣಮಗಳು, ಕೈಯಾಗ ಐದು ಚೀಲ.
ಕಲಬುರಗಿ ನಲವತ್ತನಾಕು ಡಿಗ್ರಿ ಕಾದ್ರೂ
ಆಕಿ ತಲಿ ಮ್ಯಾಲ ಸೆರಗಿಲ್ಲ, ಟವಲಿಲ್ಲ, ಹಣಿ ಮ್ಯಾಲ ಬೆವರಿಲ್ಲ.
ಕಾಲ ಕೆಳಗ ನೆಳ್ಳೂ ಇಲ್ಲ ಅಂತ ಮೊದಲ ಕಂಡಾಕಿ
ಸುಲೋಚನಾ ಟೀಚರ್ ಮಗಳು, ಎರಡನೇತ್ತ ಓದೋದು.
"ಅವ್ವಾ, ಈಕಿ ದೆವ್ವ."

ಲಾಡ್ಲೇಸಾಬನ ಹತ್ರ ಒಂದು ಬಣ್ಣದ ಕಿತಾಬು.
ನಕಾಶಿ ಬಿಚ್ಚಿ, ಹೆಜ್ಜಿ ಎಣಿಸಿ ಹೇಳ್ತಾನ:
"ಕಸ್ತೂರಕ್ಕ, ಮುಂಜಾನಿ ನೀ ಪಾರ್ಕಿಂಗಿನ್ಯಾಗಿದ್ದಿ.
ಈಗ ಅತ್ತರದಂಗಡ್ಯಾಗ ಕುಂತಿ, ಹೆಸರಿಗೆ ತಕ್ಕಂಗ.
ಇನ್ನೊಂದು ತಾಸಿಗೆ ಓಡೋ ಮೆಟ್ಟಲ ಮ್ಯಾಲ ಬರ್ತಿ,
ಸೀರಿ ಅಂಚು ಜ್ವಾಕಿ."
ನಗ್ತೀವಿ. ನಕ್ಕಾದ ಮ್ಯಾಲ
ಅಂಚು ಹಿಡಕೊಂಡೇ ಕುಂದರ್ತೀನಿ, ಖರೇನ.

ಉಗಾದಿ ಮುಂದ ಬೋರ್ ಹಾಕೋ ಗಾಡಿ ಬಂತು,
ನೀರಿಗಲ್ಲ, ಕಲ್ಲು ನೋಡ್ಲಾಕ.
ನೆಲದ ಹೊಟ್ಟ್ಯಾಗಿಂದ ಕೋಲಿನಂಗ ಗುಂಡಗ
ಬೂದಿ ಬಣ್ಣದ ಫರ್ಸಿ ಕಲ್ಲು ತೆಗದು
ಕಟಗಿ ಪೆಟಗ್ಯಾಗ ಸಾಲಾಗಿ ಮಲಗಿಸಿದ್ರು.
ನಮ್ಮ ಅಡಗಿ ಮನಿ ನೆಲದ ಬಣ್ಣನೇ.
ಇದರ ಮ್ಯಾಲ ಇಟಲಿ ಕಲ್ಲು ಹಾಸ್ತಾರಂತ.
ಒಂದು ತುಂಡು ಮಣ್ಣಾಗ ಬಿದ್ದಿತ್ತು.
ಬ್ಲೌಸ್ ಪೀಸ್ ಗಾಳಿಗೆ ಹಾರದಂಗ ಇಡ್ಲಾಕ ಚಲೋ ಆಗ್ಯದ.

ಅವತ್ತೇ ಎಂಜಿನಿಯರ್ ಹುಡುಗ ಹೆಲ್ಮೆಟ್ ತೆಗದು ನೆಳ್ಳಿಗೆ ಬಂದ.
ಕೇಳೇಬಿಟ್ಟೆ:
ರೆಡಿಮೇಡ್ ಪ್ಯಾಂಟು ಎಲ್ಲಾರಿಗೂ ಉದ್ದಾಗ್ತಾವಲ್ಲ ಸಾಹೇಬ,
ಕೆಳಗ ಮಡಚಿ ಹೊಲಿಯೋರು
ನಿಮ್ಮ ನಕಾಶ್ಯಾಗ ಎಲ್ಲಿ ಕೂಡ್ತಾರ?
ಅಂವ ಕಿತಾಬು ಹಿಂದ ಮುಂದ ತಿರುವಿದ.
ಅತ್ತರ ಅದ, ಸಿನಿಮಾ ಅದ,
ನಾಯಿಗೆ ಕಟಿಂಗ್ ಮಾಡೋ ಅಂಗಡಿ ಅದ.
"ನೋಡ್ತೀನ್ರಿ ಅಮ್ಮಾ" ಅಂದು
ಅಂಗೈ ಮ್ಯಾಲ ಪೆನ್ನಿಲೆ ಏನೋ ಬರಕೊಂಡ.
ಸಂಜಿಗೆ ಕೈ ತೊಳದಿರಬೇಕು.

ಬ್ಯಾಡ ಅನ್ನಲ್ಲ ನಾ. ಬರ್ಲಿ.
ಒಂದಿನ ನಡುಮಧ್ಯಾನ ಎಸಿ ಗಾಳ್ಯಾಗ
ಏನೂ ತಗೊಳ್ಳದೆ ಸುಮ್ಮ ತಿರಗಬೇಕು.
ಬಾಗಲದಾಗಿನ ಹುಡುಗ ಚೀಲ ತೆಗಿ ಅಂದ್ರ ತೆಗದು ತೋರಸಬೇಕು:
ಕತ್ರಿ, ಬಾಬಿನ್, ಕಲ್ಲು.
ಇದು ನಿಮ್ಮದೇ ಕಲ್ಲಪಾ, ಕೆಳಗಿಂದು.

ಮೊನ್ನೆ ರೋಹಿಣಿ ಗಾಳಿಗೆ ಫ್ಲೆಕ್ಸ್ ಹರೀತು,
ಬಿಳಿ ಪ್ಯಾಂಟಿನಾಕಿ ಭುಜದಿಂದ ಕಾರಂಜಿ ತನಕ.
ಲಾಡ್ಲೇಸಾಬನ ಮಾರಿ ಇಳದಿತ್ತು.
ಹೈದ್ರಾಬಾದಿನಿಂದ ಮಾಲಕ್ರು ಐತವಾರ ಬರೋರು.
ಮಷಿನ್ ಸೂಜಿಗೆ ಬಗ್ಗೋ ಅರಬಿ ಅಲ್ಲ ಅದು.
ಮನಿಯಿಂದ ದಬ್ಬಣ ತಂದೆ, ಜೋಳದ ಚೀಲ ಹೊಲಿಯೋದು.
ಗಾಜಿನ ಗ್ವಾಡಿ ಮ್ಯಾಲ ಮೊಣಕಾಲೂರಿ,
ಕಾರಂಜ್ಯಾಗ ಒಂದು ಕೈ ಇಟ್ಟು
ನೈಲಾನ್ ದಾರದ ಡಬಲ್ ಹೊಲಿಗಿ ಹಾಕ್ತ ಹೋದೆ.
ಆಕಿ ಭುಜ ಬಂದಾಗ
ಕೈ ಹಗುರಾತು, ಯಾಕೋ.

ಈಗ ಮತ್ತ ಮ್ಯಾಲೇರಿ ನಿಂತದ.
ನೆಳ್ಳಿನ ನಡುವ ಮಾತ್ರ ದಬ್ಬಣದ ತೂತಿನಿಂದ
ಬಿಸಲಿನ ಚುಕ್ಕಿ ಸಾಲು.
ಸೀರಿ ಮ್ಯಾಲ ಬಿದ್ದಾಗ ಜರಿ ಅಂತ ತಿಳದು
ಗಿರಾಕಿ ಕೈ ಹಚ್ಚಿ ನೋಡ್ತಾರ.

ಲಾಡ್ಲೇಸಾಬ ತನ್ನ ವಹಿಯಾಗ ಬರದಾನ:
ಮಾಲ್ ರಿಪೇರಿ, ಕಸ್ತೂರಿಬಾಯಿ, ಎಂಬತ್ತು ರೂಪಾಯಿ.
ಮಾಲಕ್ರು ಸಹಿ ಮಾಡಿಲ್ಲ ಇನ್ನಾ.