ಒತ್ತಿದ ಮೇಲೆ ಒಂದು ಗಳಿಗೆ

ನಿಂತಲ್ಲಿ ಬೆಕ್ಕಿನ ಹಾಗೆ ಗುರುಗುಡುತ್ತೆ ಪ್ಯಾರೇಜಾನ್,
ಕಾಲು ಒತ್ತಿದರೆ ಮಾತ್ರ, ಅಂದ ಗಂಗುಲಪ್ಪ,
ಸಾಲ ಕೇಳಲು ಬಂದ ಭಾವಮೈದನ ಥರ
ಬಾಗಿಲಲ್ಲೇ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತೆ.

ಪ್ಲಗ್ ಬಿಚ್ಚಿದೆ: ಇಟ್ಟಿಗೆ ಬಣ್ಣ, ತಪ್ಪಿಲ್ಲ.
ಪಾಯಿಂಟು ತೀಡಿದೆ. ಫ್ಲೋಟು ಅಲುಗಿಸಿದೆ.
ಟ್ಯಾಂಕಿನ ತಳದ ತುಕ್ಕು ಪಂಚೆಯಲ್ಲಿ ಸೋಸಿ
ಅರ್ಧ ಬೆಳಗ್ಗೆ ಅದರ ಮೇಲೇ ಅನುಮಾನಪಟ್ಟೆ, ಪಾಪ.
ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊತ್ತಾಗುತ್ತಿತ್ತು,
ಹಿಂದೆ ಗೂಡಿನ ಚೀಲಗಳು ಕೂತೇ ಇದ್ದವು.

ಕೊನೆಗೆ ಎಂಜಿನ್ ಆರಿಸಿ
ಕಾರ್ಬುರೇಟರಿನ ಬಾಯಿಗೆ ಟಾರ್ಚು ಹಿಡಿದು
ಥ್ರಾಟಲ್ ಕೈಯಲ್ಲೇ ಎಳೆದೆ.
ಸೂಜಿ ಗಾತ್ರದ ಒಂದು ಧಾರೆ
ಚಿಮ್ಮಬೇಕಿತ್ತು.
ಚಿಮ್ಮಲಿಲ್ಲ.

ಒಳಗೆ ಪಂಪಿನ ತೊಗಲ ವಾಷರು,
ಉಗುರಗಲ,
ಮಾಘದ ಹಿಮ್ಮಡಿಯಂತೆ ಬಿರಿದಿತ್ತು.

ಬಸ್ ಸ್ಟ್ಯಾಂಡಿನ ಮುನಿವೆಂಕಟ
ಹಳೇ ಚಪ್ಪಲಿಯ ಉಂಗುಟದ ಪಟ್ಟಿಯಲ್ಲಿ
ಹೊಸದು ಕೊಯ್ದುಕೊಟ್ಟ, ದುಡ್ಡು ಬೇಡವೆಂದ.
ಎಣ್ಣೆಯಲ್ಲಿ ನೆನೆಹಾಕಿದೆ,
ಎರಡು ಟೀ ಕುಡಿಯುವಷ್ಟು ಹೊತ್ತು.

ಈಗ ಒತ್ತಿದ ಕೂಡಲೇ ಎಗರುತ್ತದೆ.
ಆದರೂ ದಿಬ್ಬೂರಹಳ್ಳಿ ರಸ್ತೆಯ ಏರಿನಲ್ಲಿ
ಗಂಗುಲಪ್ಪನ ಕಾಲು
ಎರಡು ವರ್ಷದ ರೂಢಿಗೆ
ಒಂದು ಗಳಿಗೆ ತಡೆದು ನಿಲ್ಲುತ್ತದೆ.
ಪಕ್ಕದಲ್ಲಿ ಕೂತ ನನಗೆ
ಆ ಗಳಿಗೆಯಲ್ಲಿ ಹಿಂದಿನಿಂದ
ಗೂಡಿನೊಳಗೆ ಹುಳು ಗಿಲಗಿಲ ಅನ್ನುವುದು
ಕೇಳಿಸುತ್ತದೆ.